ಬೈಕಿಗೆ ಮುಚ್ಚಳದ ಟಿಪಿಎಂಎಸ್: ಎರಡು ವರ್ಷ ಓಡಿಸಿದ ಮೇಲೆ

ಟಿಪಿಎಂಎಸ್ ಅಂದರೆ ಟೈರಿನಲ್ಲಿ ಗಾಳಿ ಎಷ್ಟಿದೆ ಅಂತ ಓಡಿಸುವಾಗಲೇ ತೋರಿಸುವ ಸಾಧನ. ಹ್ಯಾಂಡಲ್ ಮೇಲಿನ ಅದರ ಪುಟ್ಟ ಡಿಸ್‌ಪ್ಲೇ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಗಾಳಿ ಎಷ್ಟಿದೆ ಅಂತ ಸರಿಯಾಗಿ ತೋರಿಸುತ್ತಾ? ನನ್ನ ಪಲ್ಸರ್ 150ಕ್ಕೆ ಇದನ್ನು ಹಾಕಿ ಎರಡು ವರ್ಷದ ಮೇಲಾಯ್ತು. ನಿಜ ಹೇಳಬೇಕೆಂದರೆ, ಅಷ್ಟೇನೂ ಸರಿಯಾಗಿ ತೋರಿಸುವುದಿಲ್ಲ. ಆದರೂ ಬಿಚ್ಚಿಟ್ಟಿಲ್ಲ, ಬಿಚ್ಚುವ ಯೋಚನೆಯೂ ಇಲ್ಲ.

ಸಾಮಾನು ಇಷ್ಟೇ. ವಾಲ್ವ್ ಮೇಲಿನ ಕರಿ ಮುಚ್ಚಳ ತೆಗೆದು ಅದೇ ಜಾಗಕ್ಕೆ ತಿರುಗಿಸಿ ಕೂರಿಸುವ ಎರಡು ಸೆನ್ಸರ್, ಒಂದು ಡಿಸ್‌ಪ್ಲೇ. ಸೆನ್ಸರ್ ಒಳಗೆ ಸಿಆರ್1632 ಬಟನ್ ಸೆಲ್. ಡಿಸ್‌ಪ್ಲೇಗೆ ಯುಎಸ್‌ಬಿ ಚಾರ್ಜಿಂಗ್. ಎರಡೂ ಮಾತಾಡಿಕೊಳ್ಳುವುದು 433 ಮೆಗಾಹರ್ಟ್ಸ್ ರೇಡಿಯೊದಲ್ಲಿ, ಹಾಗಾಗಿ ಫೋನು, ಆ್ಯಪು ಏನೂ ಬೇಡ. ಬೆಲೆ ಮೂರು ಸಾವಿರದ ಆಸುಪಾಸು. ಕಂಪನಿ ಹೆಸರು ಬರೆಯುತ್ತಿಲ್ಲ. ಒಂದೇ ಅಚ್ಚಿನ ಮಾಲು ಹತ್ತಾರು ಹೆಸರಲ್ಲಿ ಮಾರಾಟಕ್ಕಿದೆ, ಹೆಸರು ಹೇಳಿ ಪ್ರಯೋಜನವಿಲ್ಲ.

ಹಾಕಿದ ದಿನವೇ ಕೂಗಾಟ ಶುರುವಾಯಿತು. ಗಾಳಿ 26 ಪಿಎಸ್‌ಐಗಿಂತ (ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ) ಕೆಳಗಿಳಿದರೆ ಅಲಾರಂ ಕೂಗುವಂತೆ ಇಟ್ಟು ಕಳಿಸಿದ್ದರು. ನನ್ನ ಬೈಕಿಗೆ ಇರಬೇಕಾದ್ದು ಮುಂದೆ 25, ಹಿಂದೆ 28, ಹಿಂದೆ ಒಬ್ಬರು ಕೂತರೆ 32. ಮುಂದಿನ ಚಕ್ರ ಸರಿಯಾಗಿದ್ದರೂ ಕೀಂ ಕೀಂ ಅನ್ನುತ್ತಿತ್ತು. ಮುಂದಕ್ಕೆ 21, ಹಿಂದಕ್ಕೆ 24 ಅಂತ ಬದಲಿಸಿದ ಮೇಲೆ ಸುಮ್ಮನಾಯಿತು. ನಿಮ್ಮ ಗಾಡಿಗೆ ಎಷ್ಟು ಅಂತ ಗಾಡಿಯ ಮೇಲಿನ ಸ್ಟಿಕ್ಕರ್ ಅಥವಾ ಮ್ಯಾನುಯಲ್ ನೋಡಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ನಂಬರ್ ನೋಡಬೇಡಿ. ಅದು ಆ ಟೈರು ತಡೆಯುವ ಗರಿಷ್ಠ, ನಿಮ್ಮ ಬೈಕಿಗೆ ಬೇಕಾದ್ದಲ್ಲ.

ಬಂಕಿನಲ್ಲಂತೂ ಈ ಲೆಕ್ಕ ಯಾರಿಗೂ ಬೇಕಿಲ್ಲ. "ಸಾರ್, ಮೂವತ್ತೈದು ಹೊಡೀಲಾ?" ಅಂತ ಕೇಳುವಷ್ಟರಲ್ಲಿ ಹುಡುಗ ಪೈಪು ಸಿಕ್ಕಿಸಿ ಆಗಿರುತ್ತದೆ. ಸ್ಕೂಟರ್‌ಗೂ ಅದೇ, ಬುಲೆಟ್‌ಗೂ ಅದೇ. ಮುಂದಿನ ಚಕ್ರಕ್ಕೆ 35 ತುಂಬಿ ಮಳೆಯಲ್ಲಿ ಘಾಟಿ ಇಳಿದರೆ ಗಾಡಿ ರಸ್ತೆ ಮೇಲೆ ಪುಟಿಯುತ್ತದೆ, ಬ್ರೇಕ್ ಹಿಡಿದರೆ ಹಿಡಿತ ಸಿಗುವುದಿಲ್ಲ. ಟೈರು ನಡುವೆ ಮಾತ್ರ ಸವೆದು ಚಪ್ಪಟೆಯಾಗುತ್ತದೆ. ಅದಕ್ಕೇ ನಾನು ಮನೆಯಲ್ಲಿ ಕಾಲಿನ ಪಂಪು, ಗಾಳಿ ಅಳೆಯಲು ಒಂದು ಡಯಲ್ ಗೇಜ್ ಇಟ್ಟುಕೊಂಡಿದ್ದೇನೆ. ಇವೆರಡೂ ಇಲ್ಲದಿದ್ದರೆ ಟಿಪಿಎಂಎಸ್ ಆಮೇಲೆ ಕೊಳ್ಳಿ, ಮೊದಲು ಇವನ್ನು ತಗೊಳ್ಳಿ. ಇನ್ನು ನೈಟ್ರೋಜನ್ ತುಂಬಿಸುವ ವಿಷಯ: ನಮ್ಮ ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ. ಅದಕ್ಕೆ ಬೇರೆ ದುಡ್ಡು ಯಾಕೆ?

ಈಗ ನಂಬರಿನ ಕಥೆಗೆ ಬರೋಣ. ಪೆಟ್ಟಿಗೆ ಮೇಲೆ ಒಂದೂವರೆ ಪಿಎಸ್‌ಐ ಹೆಚ್ಚುಕಡಿಮೆ ಆಗಬಹುದು ಅಂತ ಬರೆದಿದ್ದಾರೆ. ಬೆಂಗಳೂರಲ್ಲಿ ನನ್ನದು ಯಾವಾಗಲೂ ಗೇಜ್‌ಗಿಂತ ಹೆಚ್ಚುಕಡಿಮೆ ಅಷ್ಟೇ ಕಮ್ಮಿ ತೋರಿಸುತ್ತದೆ. ಒಮ್ಮೆಯೂ ಜಾಸ್ತಿ ತೋರಿಸಿದ್ದಿಲ್ಲ. ಸೆನ್ಸರ್ ಅಗ್ಗದ್ದು, ಹಾಗಾಗಿ ಹೀಗೆ ಅಂದುಕೊಳ್ಳಬಹುದಿತ್ತು. ಆದರೆ ಮಂಗಳೂರಿಗೆ ಹೋದಾಗ ಅದೇ ಸೆನ್ಸರ್, ಅದೇ ಗೇಜ್ ಎರಡೂ ಒಂದೇ ಹೇಳಿದವು. ವಾಪಸ್ ಬಂದರೆ ಮತ್ತೆ ಅದೇ ವ್ಯತ್ಯಾಸ.

ಕಾರಣ ಸೆನ್ಸರಿನ ಒಳಗಿದೆ. ಗೇಜ್ ಅಳೆಯುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ಗಾಳಿಯ ಒತ್ತಡಕ್ಕೂ ಇರುವ ವ್ಯತ್ಯಾಸವನ್ನು. ಇಂಥ ಎಷ್ಟೋ ಸೆನ್ಸರ್‌ಗಳಿಗೆ ಹೊರಗಿನ ಗಾಳಿ ಗೊತ್ತೇ ಆಗುವುದಿಲ್ಲ. ಒಳಗಿನ ಒಟ್ಟು ಒತ್ತಡ ಅಳೆದು, ಅದರಲ್ಲಿ ಸಮುದ್ರಮಟ್ಟದ 14.7 ಪಿಎಸ್‌ಐ ಕಳೆದು ತೋರಿಸುತ್ತವೆ. ಮಂಗಳೂರಲ್ಲಿ ಆ ಲೆಕ್ಕ ಸರಿ. ಬೆಂಗಳೂರು ಇರುವುದು 900 ಮೀಟರ್ ಮೇಲೆ. ಇಲ್ಲಿ ಹೊರಗಿನ ಒತ್ತಡ ಸುಮಾರು 13.2 ಮಾತ್ರ. ಕಳೆಯಬೇಕಾದ್ದಕ್ಕಿಂತ ಒಂದೂವರೆ ಜಾಸ್ತಿ ಕಳೆದರೆ ಉತ್ತರ ಒಂದೂವರೆ ಕಮ್ಮಿ ಬರಲೇಬೇಕು. ಮುಳ್ಳಯ್ಯನಗಿರಿ 1,900 ಮೀಟರ್ ದಾಟುತ್ತದೆ, ಅಷ್ಟೆತ್ತರದಲ್ಲಿ ವ್ಯತ್ಯಾಸ ಮೂರರ ಹತ್ತಿರ ಬರುತ್ತದೆ. ಡಿಸ್‌ಪ್ಲೇ ನಂಬಿ ಮಡಿಕೇರಿಯಲ್ಲೋ ಚಿಕ್ಕಮಗಳೂರಿನಲ್ಲೋ ಗಾಳಿ ಹೊಡೆಸಿದರೆ ಜಾಸ್ತಿಯೇ ತುಂಬಿಸಿಕೊಂಡು ಬರುತ್ತೀರಿ. ಮ್ಯಾನುಯಲ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ.

ಇನ್ನೊಂದು ಕಿರಿಕಿರಿ. ಸೆಲ್ ಉಳಿಸಲು ಗಾಡಿ ನಿಂತಾಗ ಸೆನ್ಸರ್ ಮಲಗಿಬಿಡುತ್ತದೆ. ಬೆಳಿಗ್ಗೆ ಡಿಸ್‌ಪ್ಲೇ ಆನ್ ಮಾಡಿದರೆ ಕಾಣುವುದು ನಿನ್ನೆ ಸಂಜೆ ಟೈರ್ ಬಿಸಿ ಇದ್ದಾಗಿನ ನಂಬರ್. ಚಕ್ರ ಉರುಳಿ ಸ್ವಲ್ಪ ದೂರ ಹೋದ ಮೇಲೆ ಇವತ್ತಿನದ್ದು ಬರುತ್ತದೆ. ಗಾಳಿ ಎಷ್ಟಿದೆ ಅಂತ ನೋಡಬೇಕಾದ್ದೇ ಟೈರ್ ತಣ್ಣಗಿರುವಾಗ, ಆಗಲೇ ಇದು ಹಳೇ ಪತ್ರಿಕೆ ಓದಿಸುತ್ತದೆ. ಉಷ್ಣಾಂಶವನ್ನೂ ತೋರಿಸುತ್ತದೆ, ಅದನ್ನು ಮರೆತುಬಿಡಿ. ಸೆನ್ಸರ್ ಇರುವುದು ಹೊರಗೆ, ಗಾಳಿಗೆ ಮುಖ ಮಾಡಿ. ಟೈರಿನ ಒಳಗಿನ ಬಿಸಿ ಅದಕ್ಕೆ ಹೇಗೆ ಗೊತ್ತಾಗಬೇಕು?

ಇಷ್ಟೆಲ್ಲ ಬೈದ ಮೇಲೂ ಯಾಕೆ ಇಟ್ಟುಕೊಂಡಿದ್ದೇನೆ? ನಂಬರ್ ಎಷ್ಟು ಅನ್ನುವುದಕ್ಕಿಂತ ಅದು ಯಾವ ಕಡೆ ಹೋಗುತ್ತಿದೆ ಅನ್ನುವುದನ್ನು ಇದು ಚೆನ್ನಾಗಿ ಹೇಳುತ್ತದೆ. ಟೈರ್ ಒಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಹೈವೇಯಲ್ಲಿ ಅರ್ಧ ಗಂಟೆ ಓಡಿಸಿದರೆ ಎರಡೂ ಚಕ್ರ ಮೂರು ನಾಲ್ಕು ಏರುವುದು ಮಾಮೂಲು. (ಬಿಸಿಯಲ್ಲಿ ಜಾಸ್ತಿ ಕಂಡಿತು ಅಂತ ಗಾಳಿ ಬಿಡಬೇಡಿ. ಮರುದಿನ ಬೆಳಿಗ್ಗೆ ಕಮ್ಮಿಯಾಗಿರುತ್ತದೆ.)

ಒಮ್ಮೆ ಬೆಂಗಳೂರಿನಿಂದ ಹಾಸನದ ಕಡೆ ಹೋಗುತ್ತಿದ್ದೆ, ರಾಷ್ಟ್ರೀಯ ಹೆದ್ದಾರಿ 75ರಲ್ಲಿ. ಕುಣಿಗಲ್ ದಾಟುವಷ್ಟರಲ್ಲಿ ಮುಂದಿನ ಚಕ್ರ ಎಂದಿನಂತೆ ಮೂರು ಏರಿತ್ತು. ಹಿಂದಿನದು ಹೊರಟಾಗ ಎಷ್ಟಿತ್ತೋ ಅಷ್ಟರಲ್ಲೇ ಇತ್ತು. ಅಲಾರಂ ಇಲ್ಲ, ಗಾಡಿ ಓಲಾಡುತ್ತಿಲ್ಲ, ನಂಬರ್ ನೋಡಿದರೆ ಎಲ್ಲ ಸರಿ. ಆದರೆ ಏರಬೇಕಾದ್ದು ಏರಿಲ್ಲ ಅಂದರೆ ಎಲ್ಲೋ ಹೋಗುತ್ತಿದೆ ಅಂತಲೇ ಅಲ್ವಾ? ಬೆಳ್ಳೂರು ಕ್ರಾಸ್ ಹತ್ತಿರ ಪಂಕ್ಚರ್ ಅಂಗಡಿಯಲ್ಲಿ ನಿಲ್ಲಿಸಿದೆ. ಅಂಗಡಿಯವನು ಟೈರ್ ಒತ್ತಿ ನೋಡಿ, "ಗಾಳಿ ಐತಲ್ಲಣ್ಣ, ಏನೂ ಆಗಿಲ್ಲ" ಅಂದ. ಸೋಪು ನೀರು ಹಾಕಿ ಅಂದೆ. ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಾ ಹೋದರೆ ಟೈರಿನ ಗೀರಿನೊಳಗೆ ಚಪ್ಪಲಿ ಮೊಳೆಯಂಥ ಸಣ್ಣ ಮೊಳೆ, ಅದರ ಬುಡದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು. ತೂತಿಗೆ ರಬ್ಬರ್ ಸ್ಟ್ರಿಪ್ ತುರುಕಿ ಹತ್ತು ನಿಮಿಷದಲ್ಲಿ ಮುಗಿಸಿದ. ಗೇಜ್ ಇದನ್ನು ಹೇಳುತ್ತಿರಲಿಲ್ಲ, ಓಡುವಾಗ ಅದನ್ನು ನೋಡಲು ಆಗುವುದಿಲ್ಲವಲ್ಲ. ನನ್ನ ಮೂರು ಸಾವಿರ ಅಲ್ಲಿಗೆ ಸಂದಾಯವಾಯಿತು.

ಹಾಗಂತ ಈ ಸೆನ್ಸರ್ ಪೂರ್ತಿ ಸಾಧು ಅಂತಲೂ ಅಲ್ಲ. ಇದನ್ನು ಕೂರಿಸಿದ ಕೂಡಲೇ ಅದು ವಾಲ್ವಿನ ಪಿನ್ನನ್ನು ಒಳಕ್ಕೆ ಒತ್ತಿ ಹಿಡಿಯುತ್ತದೆ. ಅಲ್ಲಿಂದಾಚೆ ಗಾಳಿ ತಡೆಯುವುದು ವಾಲ್ವ್ ಅಲ್ಲ, ಸೆನ್ಸರ್ ಒಳಗಿನ ಒಂದು ರಬ್ಬರ್ ರಿಂಗ್. ಆ ರಿಂಗ್ ಒಣಗಿದರೆ, ಸೊಟ್ಟ ಕೂತರೆ, ಗಾಳಿ ಕಾಯಲು ಇಟ್ಟವನೇ ಗಾಳಿ ಬಿಡುತ್ತಾನೆ. ನನ್ನ ಹಿಂದಿನ ಸೆನ್ಸರ್‌ನ ರಿಂಗ್ ಎರಡನೇ ಬೇಸಿಗೆಯಲ್ಲಿ ಗಟ್ಟಿಯಾಗಿ ವಾರಕ್ಕೆ ಮೂರು ಪಿಎಸ್‌ಐ ಇಳಿಯತೊಡಗಿತ್ತು. ಟೈರ್ ಚೆನ್ನಾಗಿದ್ದರೆ ತಿಂಗಳಿಗೆ ಒಂದೆರಡು ಇಳಿಯುವುದು ಸಹಜ, ವಾರಕ್ಕೆ ಮೂರು ಅಲ್ಲ. ವಾಲ್ವಿಗೆ ಎಂಜಲು ಹಚ್ಚಿ ನೋಡುವ ಹಳೇ ಉಪಾಯದಲ್ಲೇ ಸಿಕ್ಕಿಬಿತ್ತು. ಸೆನ್ಸರ್ ಕೂರಿಸಿದಾಗಲೆಲ್ಲ ಸೋಪು ನೀರಿನಲ್ಲಿ ಒಮ್ಮೆ ನೋಡುವುದು ಕಡ್ಡಾಯ.

ತೂಕದ್ದೂ ಒಂದು ವಿಷಯವಿದೆ. ಸೆನ್ಸರ್ ತೂಗುವುದು ಸುಮಾರು ಹತ್ತು ಗ್ರಾಂ. ಕೈಯಲ್ಲಿ ಹಿಡಿದರೆ ಏನೂ ಅಲ್ಲ. 17 ಇಂಚಿನ ಚಕ್ರ 80ರ ವೇಗದಲ್ಲಿ ತಿರುಗುವಾಗ ಅದೇ ಹತ್ತು ಗ್ರಾಂ ವಾಲ್ವನ್ನು ಎಳೆಯುವ ಬಲ ಹೆಚ್ಚುಕಡಿಮೆ ಒಂದು ಕೆಜಿಯಷ್ಟಾಗುತ್ತದೆ. ವಾಲ್ವ್ ಹಳೇ ರಬ್ಬರಿನದಾಗಿದ್ದು, ಬುಡದಲ್ಲಿ ಬಿರುಕು ಬಿಟ್ಟಿದ್ದರೆ ಇದು ಒಳ್ಳೆಯದಲ್ಲ. ನಾನು ಟೈರ್ ಬದಲಿಸುವಾಗ ಲೋಹದ ವಾಲ್ವ್ ಹಾಕಿಸಿದೆ. ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಚಕ್ರವನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಡಿಸ್ಕನ್ನು ಹಿಡಿಯುವ ಕ್ಯಾಲಿಪರ್‌ಗೆ ಸೆನ್ಸರ್ ತಾಗುತ್ತದೆಯೇ ಅಂತ ನೋಡಿಕೊಳ್ಳಿ.

ಕಳ್ಳರು ಬಿಚ್ಚದಿರಲಿ ಅಂತ ಕೆಳಗೊಂದು ಲಾಕ್ ನಟ್ ಕೊಡುತ್ತಾರೆ, ಅದಕ್ಕೆ ಒಂದು ಪುಟ್ಟ ಸ್ಪ್ಯಾನರ್. ಗಾಳಿ ಹೊಡೆಸಬೇಕಾದಾಗಲೆಲ್ಲ ಬಂಕಿನಲ್ಲಿ ಹಿಂದೆ ಕ್ಯೂ ನಿಲ್ಲಿಸಿಕೊಂಡು ಸ್ಪ್ಯಾನರ್ ತಿರುಗಿಸುವ ಸಂಭ್ರಮ ಯಾರಿಗೆ ಬೇಕು? ನಟ್ ಡಬ್ಬಿಯಲ್ಲಿದೆ. ಇಲ್ಲಿವರೆಗೂ ಯಾರೂ ಕದ್ದಿಲ್ಲ.

ಕರಾವಳಿ ಮಳೆಗೆ ಡಿಸ್‌ಪ್ಲೇ ಒಳಗೆ ಮಂಜು ಕಟ್ಟುತ್ತದೆ, ಒಣಗಿದ ಮೇಲೆ ಸರಿಹೋಗುತ್ತದೆ. ಚಾರ್ಜಿಂಗ್ ಕಿಂಡಿಯ ರಬ್ಬರ್ ಮುಚ್ಚಳ ಬೇಗ ಸಡಿಲವಾಯಿತು. ಸೆಲ್‌ಗಳು ಒಂದು ವರ್ಷ ದಾಟಿ ಬಂದವು.

ಕಡ್ಡಿ ಚಕ್ರ, ಟ್ಯೂಬ್ ಟೈರ್ ಇರುವವರಿಗೆ ಇದರಿಂದ ಲಾಭ ಕಮ್ಮಿ. ಟ್ಯೂಬ್‌ಲೆಸ್‌ನಲ್ಲಿ ಮೊಳೆ ಚುಚ್ಚಿದರೂ ಗಾಳಿ ಮೆಲ್ಲಗೆ ಹೋಗುತ್ತದೆ, ಯೋಚಿಸಲು ಸಮಯ ಸಿಗುತ್ತದೆ. ಟ್ಯೂಬ್ ಆದರೆ ಅಲಾರಂ ಕೂಗುವುದೂ ಗಾಡಿ ಅಲ್ಲಾಡುವುದೂ ಬಹುತೇಕ ಒಟ್ಟಿಗೇ.

ಮುಂದಿನ ಸಲ ರಿಮ್ ಒಳಗೇ ಕೂರುವ ಸೆನ್ಸರ್ ಹಾಕಿಸೋಣ ಅಂತ ಒಂದು ಆಸೆ ಇದೆ. ಗಾಳಿ ಹೊಡೆಸಲು ಬಿಚ್ಚುವ ಕೆಲಸ ಇರುವುದಿಲ್ಲ, ವಾಲ್ವ್ ಪಿನ್ ತನ್ನ ಪಾಡಿಗೆ ಮುಚ್ಚಿರುತ್ತದೆ. ಆದರೆ ಅದರ ಸೆಲ್ ಮುಗಿದರೆ ಟೈರನ್ನೇ ಕಳಚಬೇಕು, ನಮ್ಮೂರ ಪಂಕ್ಚರ್ ಅಂಗಡಿಯವನು ಒಳಗೆ ಸೆನ್ಸರ್ ಇದೆ ಅಂತ ಗೊತ್ತಿಲ್ಲದೆ ಲಿವರ್ ಹಾಕಿ ಮೀಟಿದರೆ ಅಲ್ಲಿಗೆ ಕಥೆ ಮುಗಿಯಿತು. ಸದ್ಯಕ್ಕೆ ಈ ಮುಚ್ಚಳದ್ದೇ ಸಾಕು. ಹೊಸ ರಬ್ಬರ್ ರಿಂಗ್ ಎರಡು ರೂಪಾಯಿಗೆ ಸಿಗುತ್ತದೆ.