ಮೌಂಟ್ ಮೇರಿಯ ಮೇಣದ ಅಂಗಡಿಗಳು: ಏನು ಕೊಳ್ಳಬಹುದು, ಏನು ಬೇಡ

ಬಾಂದ್ರಾದ ಮೌಂಟ್ ಮೇರಿ ಬೆಸಿಲಿಕಾದ ಹತ್ತಿರ ಸಾಲಾಗಿ ನಿಂತಿರುವ ಮೇಣದ ಅಂಗಡಿಗಳಲ್ಲಿ ಬೇಕಾದ ಹರಕೆಯೆಲ್ಲ ಸಿಗುತ್ತದೆ. ನೋವಿರುವ ಕೈಕಾಲಿಗೆ ಮೇಣದ ಕೈಕಾಲು, ಮಗು ಬೇಕಾದವರಿಗೆ ಗೊಂಬೆ, ಸೂರಿಲ್ಲದವರಿಗೆ ಮನೆ, ಹೊರದೇಶಕ್ಕೆ ಹೊರಟವರಿಗೆ ವಿಮಾನ. ಕರಾವಳಿಯವರಿಗೆ ಇದು ಹೊಸದಲ್ಲ. ಬೆಳ್ತಂಗಡಿ ತಾಲೂಕಿನ ಸುರ್ಯ ದೇವಸ್ಥಾನದಲ್ಲಿ ಇಂಥದ್ದೇ ಹರಕೆಯನ್ನು ಮಣ್ಣಿನಲ್ಲಿ ಒಪ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಬರುವ ಮರಿಯಮ್ಮನ ಹುಟ್ಟುಹಬ್ಬ, ಅಂದರೆ ಮೊಂತಿ ಫೆಸ್ತ್ ಆದ ಮೇಲೆ ಬರುವ ಭಾನುವಾರದಿಂದ ಬಾಂದ್ರಾದಲ್ಲಿ ಒಂದು ವಾರ ಜಾತ್ರೆ. ಆಗ ಗುಡ್ಡ ಹತ್ತುವ ಮುಂಬೈ ಕನ್ನಡಿಗರಲ್ಲಿ ಹಿಂದೂಗಳೂ ಇರುತ್ತಾರೆ. ಈ ಬರಹ ಎಲ್ಲರಿಗೂ.

ಮೊದಲು ಸರಕಿನ ಗುಣ. ಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ. ಗಾತ್ರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಒಳಗೆ ಪೊಳ್ಳು. ಕರಗಿದ ಪ್ಯಾರಾಫಿನ್ನನ್ನು ಅಚ್ಚಿಗೆ ಹೊಯ್ದು, ಒಳಗೋಡೆಗೆ ಒಂದು ಪದರ ಗಟ್ಟಿಯಾಗುತ್ತಲೇ ಉಳಿದದ್ದನ್ನು ಹೊರಗೆ ಸುರಿದರೆ ಪೊಳ್ಳು ಗೊಂಬೆ ತಯಾರು. ಮೇಣ ಉಳಿಯುತ್ತದೆ ನಿಜ, ಆದರೆ ಕತ್ತು, ಮಣಿಕಟ್ಟು, ಕಾಲಗಂಟು ಸಣ್ಣಗಿರುವುದರಿಂದ ಅಲ್ಲೇ ಮುರಿಯುತ್ತದೆ. ಎರಡು ಅಚ್ಚು ಕೂಡಿದ ಗೆರೆ ಮೈಯ ಪಕ್ಕದಲ್ಲಿ ಕಾಣುತ್ತದೆ. ಆ ಗೆರೆಯಲ್ಲಿ ಬಿರುಕಿದ್ದರೆ ಬೇರೆಯದನ್ನು ಕೇಳಿ ತೆಗೆದುಕೊಳ್ಳಿ. ಪ್ಯಾರಾಫಿನ್ ಕರಗುವುದು ಸುಮಾರು 50ರಿಂದ 60 ಡಿಗ್ರಿಯಲ್ಲಾದರೂ ಮೆತ್ತಗಾಗುವುದು ಅದಕ್ಕೂ ಮೊದಲೇ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಇಟ್ಟು ಹೋದರೆ ಮೇಣದ ಬೆರಳುಗಳು ಬಾಗಿಬಿಡುತ್ತವೆ. ಬಾಗಿತು, ಮುರಿಯಿತು, ಹರಕೆ ಕೆಟ್ಟಿತು ಎಂದು ಹೆದರಿ ಇನ್ನೊಂದು ಕೊಳ್ಳುವವರು ಇದ್ದಾರೆ. ಕೊಳ್ಳಬೇಡಿ. ಮುರಿದದ್ದು ತೆಳು ಮೇಣ, ನಿಮ್ಮ ಪ್ರಾರ್ಥನೆಯಲ್ಲ.

ಬತ್ತಿಯ ವಿಷಯವೂ ಹಾಗೆಯೇ. ದಾರ ನಟ್ಟನಡುವೆ ಇರುವ ಮೇಣದಬತ್ತಿಯನ್ನೇ ಆರಿಸಿ. ಓರೆಯಾಗಿದ್ದರೆ ಒಂದು ಪಕ್ಕ ಮಾತ್ರ ಕರಗಿ ಸೋರುತ್ತದೆ. ದಾರದ ತುದಿ ಕಾಲು ಇಂಚು ಸಾಕು, ಉದ್ದವಿದ್ದರೆ ಹೊಗೆ, ಮಸಿ. ಗುಡ್ಡದ ಮೇಲೆ ಕಡಲ ಗಾಳಿ ಸದಾ ಬೀಸುತ್ತದೆ, ಪಕ್ಕದ ಹತ್ತಾರು ಬತ್ತಿಗಳ ಕಾವಿಗೆ ನಿಮ್ಮದು ಬಾಗಲೂಬಹುದು. ನಿಮ್ಮ ದೀಪ ಆರಿದ್ದಕ್ಕೆ ಇದಿಷ್ಟೇ ಕಾರಣ. ಮರಿಯಮ್ಮ ಮುಖ ತಿರುಗಿಸಿದಳು ಎಂದು ಅಳುತ್ತಾ ಇಳಿದು ಹೋಗುವ ಹೆಂಗಸರನ್ನು ಕಂಡರೆ ಸಂಕಟವಾಗುತ್ತದೆ.

ಮೇಣಕ್ಕೆ ನಾವು ಒಳ್ಳೆಯ ಅಂಕವನ್ನೇ ಕೊಡುತ್ತೇವೆ. ಬಾಯಲ್ಲಿ ಹೇಳಲಾಗದ ಕಷ್ಟವನ್ನು ಒಂದು ಪುಟ್ಟ ಮೇಣದ ಕಾಲು ಹೇಳಬಲ್ಲದು. ಅಂಕ ಕಳೆಯುವುದು ವ್ಯಾಪಾರದ ಮಾತಿಗೆ: ದೊಡ್ಡ ಗೊಂಬೆ ಇಟ್ಟರೆ ಬೇಗ ಫಲ, ಜೊತೆಗೆ ಹೃದಯವನ್ನೂ ಇಡಿ, ಮನೆಯವರೆಲ್ಲರ ಹೆಸರಲ್ಲಿ ಒಂದೊಂದು ಇಡಿ. ಇಂಥ ಮಾತು ಕೇಳಿಸಿದರೆ ಮುಂದಿನ ಅಂಗಡಿಗೆ ನಡೆಯಿರಿ. ಬೆಲೆಯನ್ನು ಮೊದಲೇ ಕೇಳಿ, ಒಂದೇ ಸಣ್ಣ ಬತ್ತಿ ಕೊಳ್ಳಿ. ಕಥೋಲಿಕ ಚರ್ಚಿನ ಅಧಿಕೃತ ಬೋಧನೆಯ ಪುಸ್ತಕವಾದ 1992ರ ಧರ್ಮೋಪದೇಶದ 2111ನೇ ಕಂಡಿಕೆ ಈ ವಿಷಯದಲ್ಲಿ ಬಹಳ ಖಂಡಿತವಾಗಿದೆ: ಒಳಮನಸ್ಸನ್ನು ಬಿಟ್ಟು, ಬರೀ ಹೊರಗಿನ ಆಚರಣೆಯೇ ಫಲ ಕೊಡುತ್ತದೆ ಎಂದು ನಂಬುವುದು ಮೂಢನಂಬಿಕೆ. ಬೈಬಲಿನಲ್ಲಿ, ಮೋಶೆ ಮಾಡಿಸಿದ ಕಂಚಿನ ಸರ್ಪಕ್ಕೆ ಜನ ಧೂಪ ಹಾಕತೊಡಗಿದಾಗ ಅರಸ ಹಿಜ್ಕೀಯ ಅದನ್ನೇ ಒಡೆದು ಹಾಕಿದ. ಹಾವು ಕಚ್ಚಿದವರು ಬದುಕಲೆಂದು ದೇವರೇ ಮಾಡಿಸಿದ ಸರ್ಪ ಅದು!

ಮಾಹಿಮ್‌ನ ಸಂತ ಮೈಕಲ್ ಚರ್ಚಿನ ಬುಧವಾರದ ನೊವೆನಾ, ಅಂದರೆ ಒಂಬತ್ತು ಸಲದ ಪ್ರಾರ್ಥನೆ, 1948ರಿಂದ ನಡೆಯುತ್ತಿದೆ. ಒಂಬತ್ತು ಬುಧವಾರಗಳಲ್ಲಿ ಒಂದು ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕು ಎಂದು ಮಳೆಗಾಲದಲ್ಲಿ, ರೈಲು ನಿಂತ ದಿನವೂ, ಜ್ವರದಲ್ಲೂ ಒದ್ದಾಡುವವರಿಗೆ ಒಂದು ಮಾತು: ಯೇಸು ಸ್ವರ್ಗಕ್ಕೇರಿದ ಮೇಲೆ ಶಿಷ್ಯರು ಪವಿತ್ರಾತ್ಮನಿಗಾಗಿ ಕಾದ ದಿನಗಳ ನೆನಪೇ ಈ ಒಂಬತ್ತು, ಅದು ಬೀಗ ತೆರೆಯುವ ಸಂಖ್ಯೆಯಲ್ಲ. ಹನ್ನೊಂದು ಜನಕ್ಕೆ ಕಳಿಸದಿದ್ದರೆ ಕೇಡು ಎನ್ನುವ ವಾಟ್ಸಾಪ್ ಪ್ರಾರ್ಥನೆಯನ್ನು ಓದದೆಯೇ ಅಳಿಸಿ.

ಅಭಿಷೇಕದ ಎಣ್ಣೆ ಎಂದು ಮಾರುವ ಸೀಸೆಗಳನ್ನು ಕೊಳ್ಳಲೇಬೇಡಿ. ರೋಗಿಗಳಿಗೆ ಹಚ್ಚುವ ಎಣ್ಣೆಯನ್ನು ಪವಿತ್ರ ವಾರದಲ್ಲಿ ಬಿಷಪ್ ಆಶೀರ್ವದಿಸುತ್ತಾರೆ, ಫಾದರ್ ಮನೆಗೋ ಆಸ್ಪತ್ರೆಗೋ ಬಂದು ಹಚ್ಚುತ್ತಾರೆ. ಅದು ಅಂಗಡಿಯ ಸರಕಲ್ಲ. ಸೀಸೆಯ ಚೀಟಿಯಲ್ಲಿ ಸಕ್ಕರೆ ಕಾಯಿಲೆ, ಕ್ಯಾನ್ಸರ್ ವಾಸಿ ಎಂದಿದ್ದರೆ ಅದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಜಾಹೀರಾತು ಕಾಯ್ದೆಗೆ ವಿರುದ್ಧ. ನಾಯಿ, ಹಾವು, ಚೇಳು ಕಚ್ಚಿದವರನ್ನು ಡಾಕ್ಟರ ಬಳಿ ಹೋಗದಂತೆ ತಡೆದು ಮಂತ್ರ ಹಾಕುವುದು ಮಹಾರಾಷ್ಟ್ರದ 2013ರ ಕಾಯ್ದೆಯಡಿ ಅಪರಾಧ. ಚೀಟಿಯ ಫೋಟೊ ತೆಗೆದಿಟ್ಟುಕೊಂಡು ದೂರು ಕೊಡಿ. ಇನ್ಸುಲಿನ್ ನಿಲ್ಲಿಸಿ ಎಣ್ಣೆ ಹಚ್ಚಿಕೊಂಡರೆ ಜೀವಕ್ಕೇ ಅಪಾಯ.

ತೀರ್ಥದ ನೀರಿಗೆ ದುಡ್ಡು ಕೊಡುವ ಅಗತ್ಯವೇ ಇಲ್ಲ. ನಿಮ್ಮ ಧರ್ಮಕೇಂದ್ರದಲ್ಲಿ ಕೇಳಿದರೆ ಫಾದರ್ ಆಶೀರ್ವದಿಸಿ ಕೊಡುತ್ತಾರೆ. ತಿಂಗಳುಗಟ್ಟಲೆ ಇಟ್ಟರೆ ಪಾಚಿ ಕಟ್ಟುತ್ತದೆ, ಮುಚ್ಚಳ ಇಲ್ಲದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಅಂಥದ್ದನ್ನು ಕುಡಿಯದೆ ಗಿಡದ ಬುಡಕ್ಕೆ ಹಾಕಿ. 2012ರ ಮಾರ್ಚ್‌ನಲ್ಲಿ ವಿಲೆ ಪಾರ್ಲೆ ಬಳಿಯ ಇರ್ಲಾದ ಚರ್ಚಿನ ಶಿಲುಬೆಯಲ್ಲಿ ಕ್ರಿಸ್ತನ ಪಾದದಿಂದ ನೀರು ತೊಟ್ಟಿಕ್ಕಿದಾಗ ಜನ ಅದನ್ನು ತುಂಬಿಕೊಂಡು ಹೋದರು. ಹತ್ತಿರದ ಚರಂಡಿ ಕಟ್ಟಿ, ಅದರ ನೀರು ಗೋಡೆಯ ಸಣ್ಣ ರಂಧ್ರಗಳಲ್ಲಿ ಮೇಲೇರಿದ್ದೇ ಕಾರಣ ಎಂದು ವಿಚಾರವಾದಿ ಸನಲ್ ಎಡಮರುಕು ಹೇಳಿದರು. ಬತ್ತಿಯ ದಾರ ಮೇಣವನ್ನು ಮೇಲೆಳೆದುಕೊಳ್ಳುವುದೂ ಇದೇ ಬಗೆಯಲ್ಲಿ. ಹಾಗೆ ಹೇಳಿದ್ದಕ್ಕೆ ಧಾರ್ಮಿಕ ಭಾವನೆಗೆ ಧಕ್ಕೆ ತಂದರೆಂದು ಅವರ ಮೇಲೆ ದಂಡ ಸಂಹಿತೆಯ 295ಎ ಕಲಮಿನಡಿ ದೂರುಗಳು ಬಿದ್ದವು, ಅದೇ ವರ್ಷ ಅವರು ಫಿನ್ಲೆಂಡಿಗೆ ಹೋದರು. ನಂಬುವವರಾದ ನಮಗೆ ಇದು ತಲೆ ತಗ್ಗಿಸುವ ಸಂಗತಿ. ಮೂರ್ತಿಯೋ ಗೋಡೆಯೋ ಒದ್ದೆಯಾದರೆ ಮೊದಲು ಪೈಪು, ಚರಂಡಿ ನೋಡಿಸಬೇಕು. ಆ ನೀರನ್ನು ಮಕ್ಕಳ ಬಾಯಿಗೆ ಹಾಕಬಾರದು.

ಮನೆಯಲ್ಲಿ ಹರಿದ ಜಪಸರ, ಮೂಗು ಹೋದ ಮೂರ್ತಿ, ಗರಿಗಳ ಭಾನುವಾರ ಚರ್ಚಿನಿಂದ ತಂದು ಒಣಗಿದ ಗರಿ ಕೂಡಿಬಿದ್ದು, ಬಿಸಾಡಿದರೆ ಶಾಪ ಎಂದು ಪೆಟ್ಟಿಗೆಯಲ್ಲಿ ತುಂಬಿಟ್ಟಿದ್ದೀರಾ? ಸುಡಲಾಗುವುದನ್ನು ಸುಟ್ಟು ಬೂದಿಯನ್ನು ಮಣ್ಣಿಗೆ ಸೇರಿಸಿ, ಮಣ್ಣಿನ ಮತ್ತು ಪ್ಲಾಸ್ಟರಿನ ಮೂರ್ತಿಗಳನ್ನು ಪುಡಿ ಮಾಡಿ ಹೂಳಿ. ಗರಿಗಳನ್ನು ಬೂದಿ ಬುಧವಾರಕ್ಕೆ ಮೊದಲೇ ಚರ್ಚಿಗೆ ಕೊಟ್ಟರೆ, ಆ ದಿನ ಹಣೆಗಿಡುವ ಬೂದಿ ಅದರಿಂದಲೇ ಆಗುತ್ತದೆ.