ಅಪ್ಪನ ಮಳೆ ಪುಸ್ತಕ ಮತ್ತು ಟಿಎಸ್‌ಲರ್ನ್: ಬಳಸಿ ನೋಡಿದ ಅನುಭವ

ಮೂಡಿಗೆರೆ ಬಳಿಯ ನಮ್ಮ ಕಾಫಿ ತೋಟದಲ್ಲಿ ಅಪ್ಪ ದಿನವೂ ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು, ಸೆಂಟುಗಳಲ್ಲಿ ಬರೆದಿಟ್ಟ ಮೂವತ್ತು ವರ್ಷಗಳ ಲೆಕ್ಕವನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ, ಯಾವ ವರ್ಷದ ಮಳೆಯ ನಡೆ ಯಾವುದನ್ನು ಹೋಲುತ್ತದೆಂದು ತಿಳಿಯಲು ನಾನು ಬಳಸಿದ್ದು ಟಿಎಸ್‌ಲರ್ನ್ (tslearn) ಎಂಬ ಪೈಥಾನ್ ಲೈಬ್ರರಿಯನ್ನು, ಅಂದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಳಸಲು ಸಿಗುವ ಸಿದ್ಧ ಕೋಡ್ ಸಂಗ್ರಹವನ್ನು. ಇದು ಉಚಿತ, ಕಾಲಕ್ರಮದ ದತ್ತಾಂಶವನ್ನು ಗುಂಪುಗೂಡಿಸುವುದು ಇದರ ಮುಖ್ಯ ಕೆಲಸಗಳಲ್ಲೊಂದು.

ಹೋಲುವ ಸರಣಿಗಳನ್ನು ಅವುಗಳ ಸರಾಸರಿಯ ಸುತ್ತ ಗುಂಪುಗೂಡಿಸುವ ಸಾಮಾನ್ಯ ಕೆ-ಮೀನ್ಸ್ ವಿಧಾನ ಒಂದು ವರ್ಷದ ಹತ್ತನೆಯ ವಾರವನ್ನು ಇನ್ನೊಂದರ ಹತ್ತನೆಯ ವಾರದೊಂದಿಗೇ ಹೋಲಿಸುವುದರಿಂದ, ಒಂದೇ ವಾರ ಹಿಂದುಮುಂದಾದ ಮಳೆಯೂ ಅದಕ್ಕೆ ಬೇರೆ ಮಳೆಯಾಗಿ ಕಾಣುತ್ತದೆ. ಟಿಎಸ್‌ಲರ್ನ್‌ನಲ್ಲಿರುವ ಡೈನಮಿಕ್ ಟೈಮ್ ವಾರ್ಪಿಂಗ್ ಕಾಲವನ್ನು ಅಲ್ಲಲ್ಲಿ ಹಿಗ್ಗಿಸಿ, ಕುಗ್ಗಿಸಿ ಎರಡು ಸರಣಿಗಳನ್ನು ಹೊಂದಿಸುತ್ತದೆ. ಗುಂಪಿನ ಸರಾಸರಿಯನ್ನೂ ಅದೇ ಹೊಂದಿಕೆಯ ಮೇಲೆ ಕಟ್ಟುವುದರಿಂದ, ಬೇರೆ ಬೇರೆ ವಾರಗಳಲ್ಲಿ ಸುರಿದ ಜಡಿಮಳೆಗಳು ಸೇರಿ ತಿಂಗಳಿಡೀ ಹನಿಯುವ ಸೋನೆಯಾಗಿಬಿಡುವುದಿಲ್ಲ. ನನಗೆ ತುಂಬ ಹಿಡಿಸಿದ್ದು ಈ ಗುಣವೇ.

ಆದರೆ ಕಾಫಿಯವರಿಗೆ ತೊಡಕಾಗುವುದೂ ಇಲ್ಲಿಯೇ. ಮೊದಲ ಸಲ ಯಾವ ಮಿತಿಯನ್ನೂ ಹಾಕದೆ ಓಡಿಸಿದಾಗ, ಮಾರ್ಚ್ ಮೊದಲ ವಾರ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಿದ್ದ ವರ್ಷವೂ ಏಪ್ರಿಲ್ ನಡುವಿನವರೆಗೆ ಕಾಯಿಸಿದ ವರ್ಷವೂ ಒಂದೇ ಗುಂಪಿಗೆ ಬಂದವು. ಆಕಾರದಲ್ಲಿ ಅವು ಹೋಲುವುದು ನಿಜವಾದರೂ, ಮೊಗ್ಗು ಕಟ್ಟಿಕೊಂಡು ನಿಂತ ಗಿಡಕ್ಕೆ ಆ ಐದಾರು ವಾರಗಳೇ ಫಸಲಿನ ಹಣೆಬರಹ. ಫಲಿತಾಂಶ ನೋಡಿದ ಅಪ್ಪ, ‘ಮಾರ್ಚ್ ಮಳೆಗೂ ಅಶ್ವಿನಿ ಮಳೆಗೂ ವ್ಯತ್ಯಾಸ ತಿಳಿಯದವನಿಗೆ ಲೆಕ್ಕ ಯಾಕಪ್ಪಾ’ ಎಂದರು. ಇದಕ್ಕೆ ಪರಿಹಾರ ಲೈಬ್ರರಿಯೊಳಗೇ ಇದೆ: ಜಪಾನಿನ ಸಂಶೋಧಕರಾದ ಹಿರೋಆಕಿ ಸಾಕೋಏ ಮತ್ತು ಸೈಬಿ ಚಿಬಾ 1978ರಲ್ಲಿ ಸೂಚಿಸಿದ ‘ಬ್ಯಾಂಡ್’ ಎಂಬ ಪಟ್ಟಿ, ಕಾಲ ಎಷ್ಟು ಜಗ್ಗಬಹುದೆಂಬುದಕ್ಕೆ ಗಡಿ ಹಾಕುತ್ತದೆ. ನಾನು ಎರಡು ವಾರಕ್ಕೆ, ಅಂದರೆ ಹೆಚ್ಚುಕಡಿಮೆ ಒಂದು ಮಳೆನಕ್ಷತ್ರಕ್ಕೆ, ಕಟ್ಟಿಹಾಕಿದ ಮೇಲೆ ಬಂದ ಗುಂಪುಗಳನ್ನು ಅಪ್ಪ ಬಹುಮಟ್ಟಿಗೆ ಒಪ್ಪಿದರು.

ಸರಣಿಗಳನ್ನು ಸಮಮಟ್ಟಕ್ಕೆ ತರುವ, ಅಂದರೆ ಎಲ್ಲದರ ಸರಾಸರಿ ಮತ್ತು ಏರಿಳಿತವನ್ನು ಒಂದೇ ಅಳತೆಗೆ ಇಳಿಸುವ, ಸೌಲಭ್ಯವನ್ನು ಮಾತ್ರ ಎಚ್ಚರದಿಂದ ಬಳಸಬೇಕು. ಧ್ವನಿಗೋ ಹೃದಯಬಡಿತಕ್ಕೋ ಅದು ಸರಿಯಿರಬಹುದು. ಮಳೆಗೆ ಹಚ್ಚಿದರೆ ಪ್ರಮಾಣವೇ ಅಳಿಸಿಹೋಗಿ, 2019ರ ಆಗಸ್ಟಿನಲ್ಲಿ ಗುಡ್ಡ ಕುಸಿಯುವಂತೆ ಸುರಿದದ್ದಕ್ಕೂ ಸಾಧಾರಣ ವರ್ಷದ ಸುರಿತಕ್ಕೂ ಅಂತರ ಉಳಿಯುವುದಿಲ್ಲ. ಗೆದ್ದಲು ತಿಂದ ಪುಟಗಳಂತೆ ನಡುವೆ ಬಿಟ್ಟುಹೋದ ದಿನಗಳನ್ನು ತುಂಬುವ ಹೊಣೆಯೂ ನಮ್ಮದೇ. ಇನ್ನು ವೇಗದ ಮಾತು: 365 ದಿನಗಳ ಎರಡು ವರ್ಷಗಳನ್ನು ಮಿತಿಯಿಲ್ಲದೆ ಹೋಲಿಸಲು, ಒಂದರ ಪ್ರತಿ ದಿನಕ್ಕೂ ಇನ್ನೊಂದರ ಪ್ರತಿ ದಿನಕ್ಕೂ ಒಂದೊಂದರಂತೆ 1,33,225 ಮನೆಗಳ ಕೋಷ್ಟಕ ಬೇಕು, 52 ವಾರಗಳ ಮೊತ್ತಕ್ಕೆ ಇಳಿಸಿದರೆ 2,704 ಸಾಕು. ನನ್ನ ಹಳೆಯ ಲ್ಯಾಪ್‌ಟಾಪಿಗೆ ಎರಡನೆಯದೇ ಹಿತವಾಯಿತು.

ವರ್ಷಗಳ ಹಂಗು ಬಿಟ್ಟು, ಮೂವತ್ತು ವರ್ಷಗಳ ಒಂದೇ ಉದ್ದ ಸರಣಿಯನ್ನು ಒಂದರ ಮೇಲೊಂದು ಹಾಯುವ ತುಣುಕುಗಳಾಗಿ ಕತ್ತರಿಸಿ ಗುಂಪುಗೂಡಿಸುವ ಯೋಚನೆಯೂ ನನಗಿತ್ತು. ಹಾಗೆ ಮಾಡಿದರೆ ಸಿಗುವ ಗುಂಪುಗಳಿಗೆ ಅರ್ಥವಿಲ್ಲವೆಂದು ಕಂಪ್ಯೂಟರ್ ವಿಜ್ಞಾನಿಗಳಾದ ಏಮನ್ ಕಿಯೋ ಮತ್ತು ಜೆಸ್ಸಿಕಾ ಲಿನ್ 2003ರಲ್ಲೇ ತೋರಿಸಿದ್ದಾರೆ. ಲೈಬ್ರರಿ ಅಂಥ ತುಣುಕುಗಳನ್ನೂ ಮರುಮಾತಿಲ್ಲದೆ ಗುಂಪು ಮಾಡಿಕೊಡುವುದರಿಂದ, ಹೊಸದಾಗಿ ಬಳಸುವವರು ಇದೊಂದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.