ಟೋಫಾಸಿಟಿನಿಬ್ ಮಾತ್ರೆ: ಬಳಸಿ ನೋಡಿದ ಮೇಲೆ

ರುಮಟಾಯ್ಡ್ ಸಂಧಿವಾತಕ್ಕೆ ಸಾಮಾನ್ಯವಾಗಿ ಮೊದಲು ಕೊಡುವ ಮೆಥೊಟ್ರೆಕ್ಸೇಟ್ ಒಂದೇ ಸಾಲದಾದಾಗ ವೈದ್ಯರು ನನಗೆ ಬರೆದುಕೊಟ್ಟದ್ದು ಟೋಫಾಸಿಟಿನಿಬ್, 5 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ. ಚುಚ್ಚುಮದ್ದಿನ ಗೋಜಿಲ್ಲ ಎಂಬುದೇ ಇದರ ಮೊದಲ ಗುಣ.

ಇಂಟರ್‌ಲ್ಯೂಕಿನ್-6ರಂತಹ ಸೈಟೊಕೈನ್ (ಜೀವಕೋಶಗಳ ನಡುವೆ ಸಂದೇಶ ಒಯ್ಯುವ ಪ್ರೋಟೀನು) ಜೀವಕೋಶದ ಹೊರಮೈಯ ಗ್ರಾಹಕಕ್ಕೆ ಅಂಟಿದಾಗ, ಒಳಬದಿಯಲ್ಲಿರುವ ಜೇನಸ್ ಕೈನೇಸ್ ಎಂಬ ಕಿಣ್ವಗಳು ಜೀವಕೋಶದ ಶಕ್ತಿಯ ಅಣುವಾದ ಎಟಿಪಿಯ ಫಾಸ್ಫೇಟನ್ನು ಸ್ಟ್ಯಾಟ್ ಎಂಬ ಸಂದೇಶವಾಹಕ ಪ್ರೋಟೀನುಗಳಿಗೆ ದಾಟಿಸುತ್ತವೆ. ಅವು ಕೋಶಕೇಂದ್ರವನ್ನು ಸೇರಿ ಉರಿಯೂತದ ಜೀನುಗಳನ್ನು ಎಚ್ಚರಿಸುತ್ತವೆ. ಈ ಕಿಣ್ವಗಳಲ್ಲಿ ಎಟಿಪಿ ಕೂರಬೇಕಾದ ಗುಳಿಯಲ್ಲಿ ಈ ಔಷಧದ ಅಣುವೇ ಹೋಗಿ ಕೂತು ಸಂದೇಶವನ್ನು ತಡೆಯುತ್ತದೆ. ಆದರೆ ಮನುಷ್ಯದೇಹದ 500ಕ್ಕೂ ಹೆಚ್ಚು ಕೈನೇಸ್‌ಗಳಲ್ಲಿ ಆ ಗುಳಿ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಬೇಕಾದದ್ದನ್ನಷ್ಟೇ ತಡೆಯುವುದು ಸುಲಭವಲ್ಲ. ಜೇನಸ್ ಕೈನೇಸ್‌ಗಳಲ್ಲಿ 1 ಮತ್ತು 3ನ್ನು ಮುಖ್ಯವಾಗಿ ತಡೆಯುವ ಈ ಮಾತ್ರೆ 2ನ್ನೂ ಪೂರ್ತಿಯಾಗಿ ಬಿಟ್ಟಿಲ್ಲ.

ಮೂರನೆಯ ವಾರದ ಹೊತ್ತಿಗೆ ಬೆಳಗಿನ ಬಿಗಿತ ಇಳಿದು, ಅಂಗಿಯ ಗುಂಡಿಗಳನ್ನು ನಾನೇ ಹಾಕಿಕೊಳ್ಳುವಂತಾಯಿತು. ವಿಚಿತ್ರವೆಂದರೆ, ಊದಿದ ಬೆರಳುಗಳವರಿಗೆಂದೇ ಇರುವ ಈ ಔಷಧದ ಡಬ್ಬಿಗೆ ಒತ್ತಿ ತಿರುಗಿಸಬೇಕಾದ ಮುಚ್ಚಳವನ್ನು ಕೂರಿಸಿದ್ದಾರೆ!

ಇದನ್ನು ಕಣ್ಣು ಮುಚ್ಚಿ ಶಿಫಾರಸು ಮಾಡಲಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆಯಿತ್ತ ಈ ಔಷಧವನ್ನು, ಹೃದ್ರೋಗದ ಅಪಾಯವಿದ್ದ 50 ದಾಟಿದ ರೋಗಿಗಳಲ್ಲಿ ಟಿಎನ್‌ಎಫ್ ಎಂಬ ಉರಿಯೂತದ ಪ್ರೋಟೀನನ್ನು ತಡೆಯುವ ಔಷಧಗಳೊಡನೆ ಹೋಲಿಸಿ ನೋಡಿದಾಗ ಹೃದಯಾಘಾತ, ಕ್ಯಾನ್ಸರ್ ಮತ್ತು ರಕ್ತ ಹೆಪ್ಪುಗಟ್ಟುವ ಪ್ರಕರಣಗಳು ಹೆಚ್ಚಾಗಿ ಕಂಡುಬಂದವು. 2021ರಲ್ಲಿ ಎಚ್ಚರಿಕೆ ಇನ್ನಷ್ಟು ಬಿಗಿಯಾಯಿತು. ಕ್ಷಯದ ತಪಾಸಣೆಯಿಲ್ಲದೆ ಇದನ್ನು ಆರಂಭಿಸುವಂತಿಲ್ಲ, ರಕ್ತಕಣ ಮತ್ತು ಕೊಲೆಸ್ಟರಾಲ್ ಪರೀಕ್ಷೆಯನ್ನು ಆಗಾಗ ಮಾಡಿಸುತ್ತಿರಬೇಕು. ಸರ್ಪಸುತ್ತಿನ ಲಸಿಕೆಯ ಬಗ್ಗೆ ಮೊದಲ ಮಾತ್ರೆಗೂ ಮುನ್ನವೇ ವೈದ್ಯರನ್ನು ಕೇಳುವುದು ಒಳ್ಳೆಯದು, ನಾನು ಕೇಳಲಿಲ್ಲ.